ಇಪ್ಪತ್ತೊಂದು–ಇಪ್ಪತ್ತು

ಹಗಲೆಲ್ಲ ನನ್ನದು ಕಟ್ಟುಹಲ್ಲಿನ ಕೆಲಸ.
ಕಡೀನಾದ ಅರ್ಧ ಊರು ನಗುವುದು ನನ್ನ ಅಚ್ಚಿನಲ್ಲಿ.
ಭಾನುವಾರ ಮಾತ್ರ ಇನ್ನೊಂದು ಜಾತಿಯ ಬಾಯಿ ಬಿಡಿಸುತ್ತೇನೆ,
ಮುದಿ ಕಂಪ್ಯೂಟರುಗಳದ್ದು.

ಕ್ಲೆಮ್ ಟ್ರೆಝೈಸ್ ಅದನ್ನು ತಂದದ್ದು
ಎಳೆಗೂಸಿನ ಹಾಗೆ ಟವಲಿನಲ್ಲಿ ಸುತ್ತಿ.
ಹೊರಗೆ ನಲವತ್ಮೂರು ಡಿಗ್ರಿ,
ಗೋಧಿ ಕಣಜದ ನೆರಳೂ ಸುಡುವ ಮಧ್ಯಾಹ್ನ.
'ತೊಂಬತ್ತೆರಡರ ಫೈನಲ್ ಇದರೊಳಗಿದೆ' ಅಂದ.
'ಇಪ್ಪತ್ತೊಂದು–ಇಪ್ಪತ್ತು. ಗೆದ್ದವನು ನಾನು.
ಬೆರಿಲ್ ನ್ಯಾಂಕಿವೆಲ್ ಒಪ್ಪುವುದಿಲ್ಲ.
ಕ್ಲಬ್ಬಿನ ಪುಸ್ತಕ ಗೆದ್ದಲು ತಿಂದಿದೆ. ಸಾಕ್ಷಿ ಇದೊಂದೇ.'
ಮೂವತ್ತು ವರ್ಷ ಇಬ್ಬರೂ
ಒಂದೇ ಹುಲ್ಲುಹಾಸಿನ ಮೇಲೆ ಚೆಂಡುರುಳಿಸಿದ್ದಾರೆ,
ಒಂದೇ ಕೆಟಲಿನ ಟೀ ಕುಡಿದಿದ್ದಾರೆ,
ಮಾತು ಮಾತ್ರ ಹವಾಮಾನದಾಚೆ ಹೋಗಿಲ್ಲ.

ಸ್ವಿಚ್ಚು ಒತ್ತಿದೆ. ಪರದೆ ಬೆಳಗಿತು.
ನಡುವೆ ಪುಟ್ಟ ಫ್ಲಾಪಿಯ ಚಿತ್ರ, ಅದರ ಹೊಟ್ಟೆಯಲ್ಲಿ
ಮಿಟುಕುವ ಪ್ರಶ್ನೆಚಿಹ್ನೆ,
ಎದುರಿದ್ದವರ ಹೆಸರು ಮರೆತವರ ಕಣ್ಣಿನಂತೆ.
ಒಳಗೆ ಡಿಸ್ಕು ಸುತ್ತುತ್ತದೆ; ಓದುವ ತಲೆ ಏಳುವುದಿಲ್ಲ.
ಟಕ್.
ಮತ್ತೆ ಟಕ್.
ಆಮೇಲೊಂದು ನಿಟ್ಟುಸಿರು.

ಈ ರೋಗ ನನಗೆ ಗೊತ್ತು.
ತಲೆ ಆನಿಸಿ ಮಲಗಲೆಂದು ಇಟ್ಟ ರಬ್ಬರಿನ ದಿಂಬು
ವಯಸ್ಸಾಗಿ, ಕರಗಿ, ಅಂಟಾಗುತ್ತದೆ,
ಆನಿಸಿದ ತಲೆಯನ್ನು ಬಿಡುವುದಿಲ್ಲ.

ಧೂಳು ಕೂರಲೆಂದು ಬಚ್ಚಲಲ್ಲಿ ಬಿಸಿನೀರು ಬಿಟ್ಟು,
ಹಬೆ ಇಳಿದ ಮೇಲೆ ಒಳಹೊಕ್ಕು,
ಉಸಿರು ಬಿಗಿಹಿಡಿದು ಆರು ಸ್ಕ್ರೂ ಬಿಚ್ಚಿದೆ.
ಕನ್ನಡಿಯಂಥ ತಟ್ಟೆ, ಅದರಲ್ಲಿ ನನ್ನ ಮೂಗು.
ಮುಟ್ಟಿದರೆ ಮುಗಿಯಿತು, ಎಂಜಲು ಹಾರಿದರೂ ಮುಗಿಯಿತು.
ಇಷ್ಟು ಮಡಿ ನಮ್ಮಜ್ಜಿಯೂ ಮಾಡಿದ್ದಿಲ್ಲ.
ಮೂಲೆಯಲ್ಲಿ ಕಪ್ಪು ಅಂಟು, ಥೇಟ್ ಹಲಸಿನ ಮೇಣ.
ಕೈ ತಾನಾಗಿ ಕೊಬ್ಬರಿ ಎಣ್ಣೆ ಹುಡುಕಿತು;
ಬುದ್ಧಿ ಬಂದು ಸ್ಪಿರಿಟ್ಟಿನ ಹತ್ತಿಗೆ ತಿರುಗಿತು.
ಕೆರೆದೆ. ಒರೆಸಿದೆ. ಹಲ್ಲಿನ ಅಚ್ಚಿನ ಸಿಲಿಕೋನಿನಲ್ಲಿ
ಎಳ್ಳಿನಷ್ಟು ಕತ್ತರಿಸಿ ಹೊಸ ದಿಂಬು ಇಟ್ಟೆ.

ಮೊದಲು ಸಣ್ಣ ಸಿಳ್ಳೆ, ಮೂರನೇ ಮನೆಯ ಕುಕ್ಕರಿನಂತೆ,
ಆಮೇಲೆ ಕರಕರ, ಕಿಟಿಕಿಟಿ,
ಕಟ್ಟುಹಲ್ಲು ಚಕ್ಕುಲಿ ಕಡಿಯುವ ಸದ್ದು.
ಕ್ಲೆಮ್ ಕುರ್ಚಿಯ ತುದಿಗೆ ಬಂದ.
'ಇದರ ಆಯುಸ್ಸು ಹೆಚ್ಚೆಂದರೆ ಒಂದು ಗಂಟೆ' ಅಂದೆ,
ಸಿಕ್ಕಿದ್ದನ್ನೆಲ್ಲ ಉಗುರಿನಷ್ಟು ಕಾರ್ಡಿಗೆ ಬಾಚಿಕೊಂಡೆ.
ನಲವತ್ತು ಮೆಗಾಬೈಟು. ಒಂದು ಕ್ಲಬ್ಬಿನ ಹದಿಮೂರು ವರ್ಷ.
ಸ್ಕೋನ್ ತಂದವರು, ಚಂದಾ ಬಾಕಿ ಇಟ್ಟವರು,
ಛಾವಣಿ ಸೋರಿದ್ದಕ್ಕೆ ಬೈಸಿಕೊಂಡವರು.
ಮಾರ್ಚ್ ಹದಿನಾಲ್ಕು, ತೊಂಬತ್ತೆರಡು:
ಬೆರಿಲ್ ಇಪ್ಪತ್ತೊಂದು. ಕ್ಲೆಮ್ ಇಪ್ಪತ್ತು.
ಕೆಳಗೆ: ವರದಿ ಬರೆದವರು, ಕಾರ್ಯದರ್ಶಿ, ಸಿ. ಟ್ರೆಝೈಸ್.

ಅವನು ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ,
ಇನ್ನೊಮ್ಮೆ ಓದಿದ.
'ನಿನ್ನ ಸಿಲಿಕೋನು ಸರಿಯಿಲ್ಲ' ಅಂದ.

ಡಿಸ್ಕಿನ ಜಾಗಕ್ಕೆ ಕಾರ್ಡು ಜೋಡಿಸಿದೆ.
ಈಗ ಯಂತ್ರ ಸದ್ದಿಲ್ಲದೆ ಏಳುತ್ತದೆ. ಅದೂ ಅವನಿಗೆ ಹಿಡಿಸಲಿಲ್ಲ:
'ಯೋಚಿಸುತ್ತಿದೆಯೋ ಸತ್ತಿದೆಯೋ ತಿಳಿಯುವುದಾದರೂ ಹೇಗೆ?
ಹಳೆಯದನ್ನೂ ಒಳಗೇ ಇಡು. ಬರಿದೆ ತಿರುಗಲಿ.'
ಇಟ್ಟೆ. ಓದುಬರಹದ ಪಟ್ಟಿ ಕಿತ್ತು,
ಕರೆಂಟಿನ ತಂತಿಯೊಂದನ್ನೇ ಸಿಕ್ಕಿಸಿ.
ಗಾಣ ಕಳಚಿದ ಎತ್ತು; ಸುತ್ತಿ ಅಭ್ಯಾಸ, ಸುತ್ತುತ್ತದೆ.

ಕಳೆದ ವಾರ ಬೆರಿಲ್ ಬಂದಿದ್ದಳು, ಕೆಳದವಡೆಯ ಸೆಟ್ಟು ಸಡಿಲ.
'ಕ್ಲೆಮ್‌ನ ಪೆಟ್ಟಿಗೆ ಬಾಯಿಬಿಟ್ಟಿತಂತೆ. ಏನಿತ್ತು?'
'ಸ್ಕೋನಿನ ಲೆಕ್ಕ' ಅಂದೆ,
ಅವಳ ಬಾಯಿ ತುಂಬ ಸಿಲಿಕೋನ್ ಒತ್ತಿದೆ.
ಗಟ್ಟಿಯಾಗಲು ಮೂರು ನಿಮಿಷ.
ಅಷ್ಟು ಹೊತ್ತೂ ನನ್ನನ್ನೇ ನೋಡುತ್ತಿದ್ದಳು.