ಕಂಬದ ದೀಪ

ಸೊಹಾರಿನ ಹೆದ್ದಾರಿಯ ಮೇಲೆ
ಕ್ರೇನಿನ ತೊಟ್ಟಿಲೊಳಗೆ ನಿಂತು
ಇಪ್ಪತ್ತಮೂರನೆಯ ಬಲ್ಬು ಬಿಗಿಯುವಾಗ
ಫೋನಿನಲ್ಲಿ ವಕೀಲರ ದನಿ:
'ಗುರುವಾರ ಅಪೀಲು.
ಗಂಗೊಳ್ಳಿ ಬಂದರಿನ ಕಂಬದ ದೀಪ ಅಂದು ಉರಿಯುತ್ತಿತ್ತೇ?
ಪೀಠ ಕೇಳುತ್ತಿರುವುದು ಇಷ್ಟೇ.'

ಉರಿಯುತ್ತಿತ್ತು ಸ್ವಾಮಿ, ಎಂದಿದ್ದೆ
ಕಟಕಟೆಯಲ್ಲಿ, ಹೊಸ ಅಂಗಿಯಲ್ಲಿ.
ಅಂಗಿ ಕೊಡಿಸಿದವರ ಹೆಸರು ಯಾರೂ ಕೇಳಲಿಲ್ಲ.
ವೀಸಾ ಕೊಡಿಸಿದ್ದೂ ಅವರೇ.

ಜೀವಾವಧಿ ಎಂದಾಗ
ಮಾಧವ ಖಾರ್ವಿ ನನ್ನನ್ನು ನೋಡಲಿಲ್ಲ,
ಮೇಲಿನ ಟ್ಯೂಬ್‌ಲೈಟು ನೋಡಿದ.
ಅದು ಮಿಣುಕುತ್ತಿತ್ತು.

ಇಲ್ಲಿ ಒಂದು ದೀಪ ಕೆಟ್ಟರೂ
ರಾತ್ರಿಯೇ ವರದಿ ಬರೆಯಬೇಕು:
ಕಂಬದ ಸಂಖ್ಯೆ, ಹೊತ್ತು, ಸಹಿ.
ಬರೆಯುತ್ತೇನೆ, ಒಂದೂ ಬಿಡದೆ.
ಆ ಕಂಬಕ್ಕೆ ಸಂಖ್ಯೆಯೇ ಇರಲಿಲ್ಲ.

ಕೆಳಗಿನಿಂದ ಬಂಗಾಳಿ ಹುಡುಗ ಕೂಗುತ್ತಾನೆ,
'ಹತ್ತಿತಾ ಭಾಯ್?'
ಬಾಯಿ ಒಣಗಿದೆ.
ಕಡಲ ಗಾಳಿಗೆ ತೊಟ್ಟಿಲು ತೂಗುತ್ತಿದೆ.