ರಿವರ್ಸ್

ವ್ಯಾನನ್ನು ಹಿಂದಕ್ಕೆ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು.
ತೈಸ್ತೊನ ಎಡಗಿವಿಯನ್ನು ಕಾಗದದ ಗಿರಣಿ ತಿಂದಿತು,
ಬಲಗಣ್ಣನ್ನು ಪೊರೆ. ಉಳಿದದ್ದು ಎರಡು ಕೈ,
ಮತ್ತೆ ನಕಾಶೆಯ ವಿಷಯದಲ್ಲಿ ಒಂದು ಹಠ.

ಏಳು ಮೀಟರಿನ ಮನೆ ಇದು, ಇನ್ನೊಬ್ಬರು ಬಳಸಿ ಬಿಟ್ಟದ್ದು.
ಜೊತೆಗೆ ಬಂದವು: ಅರ್ಧ ಪೊಟ್ಟಣ ಉಪ್ಪು, ಒಂದೇ ಕಾಲುಚೀಲ,
ಬಾಗಿಲ ಹಿಂದೆ ಪೆನ್ಸಿಲಿನಲ್ಲಿ ಗೀಚಿದ
ಯಾರದೋ ಮಗುವಿನ ಎತ್ತರ, ಮೂರು ಬೇಸಿಗೆಯದು.
ಒರೆಸಲು ಒದ್ದೆ ಬಟ್ಟೆ ಹಿಡಿದವಳು
ಕಿಟಕಿ ಒರೆಸಿ ಸುಮ್ಮನಾದೆ.

ಸೈಮಾ ಸೀಮೆಯ ನಕಾಶೆ ಬಿಡಿಸಿದರೆ
ಇಲಿ ಕಡಿದ ಕಂಬಳಿ. ನೆಲಕ್ಕಿಂತ ತೂತೇ ಹೆಚ್ಚು,
ತೂತಿನ ತುಂಬ ನೀರು.
ಇಲ್ಲಿ ರಸ್ತೆ ಹೇಳದೆ ಕೇಳದೆ ಕೆರೆಗಿಳಿದುಬಿಡುತ್ತದೆ;
ಹಳದಿ ತೆಪ್ಪವೊಂದು ಉಕ್ಕಿನ ಹಗ್ಗ ಹಿಡಿದು
ಅತ್ತಿಂದ ಇತ್ತ, ಇತ್ತಿಂದ ಅತ್ತ. ಕಾಸು ಕೇಳುವುದಿಲ್ಲ.
ಕೆರೆ ಅಂದೆನೆ? ಆಚೆ ದಡ ಕಾಣುವುದಿಲ್ಲ.
ನಾವು ಅದನ್ನೂ ಕೆರೆ ಎಂದೇ ಕರೆಯುತ್ತೇವೆ,
ದೊಡ್ಡದಕ್ಕೆ ದೊಡ್ಡ ಹೆಸರಿಡುವ ಅಭ್ಯಾಸ ನಮ್ಮ ಕಡೆ ಇಲ್ಲ.

ತಪ್ಪು ತೆಪ್ಪ ಹತ್ತಿದೆವು.
ನಕಾಶೆ ಸರಿ, ದ್ವೀಪವೇ ತಪ್ಪು ಎಂದ ತೈಸ್ತೊ.
ಬರ್ಚ್ ಮರಗಳ ನಡುವಿನ ಮಣ್ಣುದಾರಿ ಕಿರಿದಾಗುತ್ತ ಆಗುತ್ತ
ಒಂದು ದೋಣಿಮನೆಯ ಮುಂದೆ ಮುಗಿಯಿತು.
ತಿರುಗಿಸಲು ಜಾಗವಿಲ್ಲ. ಸೊಳ್ಳೆಗಳಿಗೆ ಮಾತ್ರ ಬೇಕಾದಷ್ಟಿತ್ತು.

ಅವನು ಇಳಿದು ಹಿಂದೆ ನಿಂತ.
ಕನ್ನಡಿಯಲ್ಲಿ ಅವನೊಬ್ಬ, ಅಂಗೈಯಷ್ಟು.
ಮುಷ್ಟಿ: ನಿಲ್ಲು. ಎರಡು ಬೆರಳು: ಬಾ, ಮೆಲ್ಲಗೆ.
ಮೊಣಕೈ ಮುಟ್ಟಿಕೊಂಡರೆ: ಎಡಕ್ಕೆ.
ಯಂತ್ರಗಳ ಗದ್ದಲದಲ್ಲಿ ಬಾಯಿ ಕೆಲಸಕ್ಕೆ ಬಾರದೆ
ಗಿರಣಿಯ ಗಂಡಸರು ಕಟ್ಟಿಕೊಂಡ ಭಾಷೆ.
ಮೂವತ್ತೆಂಟು ವರ್ಷ ಅದರಲ್ಲಿ ಹರಟಿದ್ದಾನೆ,
ಮನೆಗೆ ಬಂದು ಉಪ್ಪು ಕೊಡು ಎನ್ನಲೂ ಬೇಸರಪಟ್ಟಿದ್ದಾನೆ.
ನಾನೋ ಶಾಲೆಯ ಅಡುಗೆಮನೆಯವಳು,
ಗುರುವಾರ ಗುರುವಾರ ಮುನ್ನೂರು ಮಕ್ಕಳಿಗೆ ಬಟಾಣಿ ಸಾರು,
ಕೂಗಿ ಕೂಗಿಯೇ ದುಡಿದವಳು.
ಈ ಕೈಗಳಿಗೆ ಇಷ್ಟೊಂದು ಮಾತು ಬರುತ್ತದೆಂದು
ಕನ್ನಡಿ ಹೇಳಬೇಕಾಯಿತು ನನಗೆ.

ಅಂತೂ ಹೊರಬಂದೆವು. ಒಂದು ಹಿಂದೀಪ ಒಡೆಯಿತು. ಇರಲಿ.
ಕೊನೆಯ ತೆಪ್ಪ ಹೋಗಿತ್ತು.

ದೋಣಿಮನೆಯ ಮುದುಕಿ ಒಂದು ಬುಟ್ಟಿ ಸಣ್ಣಮೀನು ಕೊಟ್ಟಳು,
ರೈ ಹಿಟ್ಟು ಸವರಿ ಬೆಣ್ಣೆಯಲ್ಲಿ ಕರಿದೆ, ತಲೆ ಸಮೇತ.
ಹನ್ನೊಂದಾದರೂ ಕತ್ತಲೆಯ ಸುಳಿವಿಲ್ಲ.
ತಿನ್ನುತ್ತ ತಿನ್ನುತ್ತ ಹೊಸ ಶಾಲೆಗೆ ಸೇರಿದ ಹುಡುಗಿಯ ಹಾಗೆ
ಒಂದೊಂದೇ ಸನ್ನೆ ಕೇಳಿದೆ.
ಕಾಫಿ ಹೇಗೆ? ಮೇಸ್ತ್ರಿ ಬಂದ ಹೇಗೆ?
ಆಮೇಲೆ, ಸುಮ್ಮನೆ, ಅವನ ಹೆಗಲಿಗೆ ಎರಡು ಸಲ ತಟ್ಟಿ,
ತಡೆದು, ಮೂರನೆಯದು. ಇದು?

ಇದು ನಿನಗೆ ಹೇಗೆ ಗೊತ್ತು, ಎಂದ.

ಗೊತ್ತಿರದೆ ಏನು? ಮದುವೆಯಾದಾಗಿನಿಂದ
ನಿದ್ದೆಗಣ್ಣಲ್ಲಿ ನನ್ನ ಹೆಗಲ ಮೇಲೆ ಇದೇ ತಾಳ.
ಹಗಲು ಬಾಯಿಬಿಡದವನು ರಾತ್ರಿ ಹೇಳುತ್ತಾನೆ ಎಂದುಕೊಂಡು
ನಾನು ಎಷ್ಟು ಜಗಳಗಳನ್ನು ಅಲ್ಲಿಗೇ ಮರೆತಿಲ್ಲ!

ತೈಸ್ತೊ ಮೀನಿನ ಮುಳ್ಳು ತೆಗೆದಿಟ್ಟು,
ಬಹಳ ಹೊತ್ತು ನೀರನ್ನೇ ನೋಡಿ ಹೇಳಿದ:
ಮೂರನೇ ಯಂತ್ರದಲ್ಲಿ ಕಾಗದ ಹರಿದಿದೆ, ಬೇಗ ಓಡಿ ಬಾ, ಅಂತ.

ನಕ್ಕೆ. ನಕ್ಕು ನಕ್ಕು ತಟ್ಟೆ ಉರುಳಿತು,
ನೀರಹಕ್ಕಿಯೊಂದು ಹೆದರಿ ಮುಳುಗಿ
ಎಲ್ಲೋ ದೂರ ಎದ್ದು ಕೂಗಿತು.
ಅವನೂ ನಕ್ಕ, ಸ್ವಲ್ಪ ತಡವಾಗಿ,
ಒಂದೇ ಕಿವಿಯಿಂದ ಕೇಳಿಸಿಕೊಂಡವನ ಹಾಗೆ.

ಪರದೆ ಎಳೆದು ಮಲಗಿದೆವು. ಬೆಳಕು ಅಂಚಿನಿಂದ ನುಸುಳುತ್ತಲೇ ಇತ್ತು,
ನೀರಿನ ಟ್ಯಾಂಕು ಎಲ್ಲೋ ತೊಟ್ಟಿಕ್ಕುತ್ತಿತ್ತು, ನಾಳೆ ನೋಡಬೇಕು.
ಎರಡು ಗಂಟೆಯ ಸುಮಾರಿಗೆ ಹೆಗಲ ಮೇಲೆ ಕೈ.
ಎರಡು ಸಲ. ತಡೆದು, ಇನ್ನೊಂದು.

ಬಂದೆ, ತಡಿ, ಎಂದೆ.