ಸೋರಿಕೆ

ಮುಂಜಾನಿ ಎಂಟಕ್ಕ ಘಾಟಿನ ಮೆಟ್ಟಲ ಇಳೀತೀನಿ.
ಕಲ್ಲೋಳದ ದಂಡಿಗೆ ನೆಟ್ಟ ಅಳತಿ ಕಂಬ,
ಬಿಳಿ ಬಣ್ಣ, ಕರಿ ಗೆರಿ.
ನೀರು ಯಾವ ಗೆರಿ ನೆಕ್ಕತೈತಿ ನೋಡಿ
ಬರಕೊಳ್ಳೂದು, ಅಷ್ಟ ನನ್ನ ಚಾಕರಿ.
ಹದಿನೇಳು ವರ್ಷದಾಗ ಹೊಳಿ ನನಗ
ಒಂದ ಸಲಾನೂ ಸುಳ್ಳು ಹೇಳಿಲ್ಲ.

ಎಂಟೂ ಕಾಲಿಗೆ ಫೋನು.
ಗಡಿ ಆಚೆ, ಬಂಧಾರದ ಮ್ಯಾಲೆ, ಜೋತಿಬಾ ಖಾಡೆ.
"ಕಿತೀ?" ಅಂತಾನ.
"ಎರಡು ಪಾಯಿಂಟ್ ನಾಲ್ಕು" ಅಂತೀನಿ.
ಅವನೂ ತನ್ನ ಅಂಕಿ ಹೇಳಿ ಕೆಮ್ಮತಾನ.
ಒಬ್ಬರ ಮಾರಿ ಒಬ್ಬರು ನೋಡಿಲ್ಲ.
ಮಹಾಪೂರದ ವರ್ಷ ಅವನ ಅವ್ವ ತೀರಿಕೊಂಡಾಗ
ಮೊದಲ ಅಂಕಿ ಹೇಳಿದ,
ಆಮ್ಯಾಲೆ ಸುದ್ದಿ.

ಎರಡು ರಾಜ್ಯದ ನಡುವ ಒಪ್ಪಂದ ಅಂತ ಒಂದೈತಿ.
ನಮ್ಮ ಆಫೀಸಿನ ಕಪಾಟಿನಾಗ ಅದರ ಝೆರಾಕ್ಸು,
ಗೆದ್ದಲಿ ತಿಂದು ಉಳಿದಷ್ಟು ನಾ ಓದೇನಿ.
ಅವರಿಗಿಷ್ಟು ಟಿಎಂಸಿ, ನಮಗಿಷ್ಟು,
ಕಬ್ಬಿಗೆ, ಕಾರ್ಖಾನಿಗೆ, ಪ್ಯಾಟಿಯ ನಳಕ್ಕ,
ಆವಿಯಾಗಿ ಹೋಗೂದಕ್ಕೂ ಒಂದು ಕಾಲಮು!
ಬಿಸಲು ಕುಡಿಯೂ ನೀರಿಗೆ ಲೆಕ್ಕ ಐತಿ.
ಹೊಳಿ ಕುಡಿಯೂದಕ್ಕ
ಎಲ್ಲೂ ಕಾಣಲಿಲ್ಲ.
ಗೆದ್ದಲಿ ತಿಂದ ಹಾಳ್ಯಾಗ ಇತ್ತೋ ಏನೋ.

ಈ ಸಲ ಎಪ್ರಿಲ್‌ದಾಗ ಕೃಷ್ಣಾ ತುಂಡ ತುಂಡಾದ್ಲು.
ಇಲ್ಲೊಂದು ಮಡು, ಅಲ್ಲೊಂದು ಮಡು,
ನಡುವ ಬಿಳಿ ಮರಳು, ಕಾರ್ಖಾನಿ ಕೊಳಿವಾಸನಿ.
ಕೆಂಚವ್ವ ಅಂಬಿಗೇರ ಬಕೆಟ್ ಹಿಡಕೊಂಡು
ಸೀದಾ ನನ್ನ ಟೇಬಲ್ಲಿಗೆ ಬಂದ್ಲು.
ಒಳಗ ಒಂದ ಗಿರ್ಲು ಮೀನ,
ಬಾಯಿ ತಗದು ಮುಚ್ಚಿ, ತಗದು ಮುಚ್ಚಿ.
"ಸಾಹೇಬ್ರ, ಇದನ್ನ ಎಷ್ಟು ಪಾಯಿಂಟ್ ಅಂತ ಬರಕೋತೀರಿ?"

ಆಕಿ ಹೋದ ಮ್ಯಾಲೆ ಟೇಬಲ್ಲಿನ ಮ್ಯಾಲೆ
ಬಕೆಟ್ಟಿನ ತಳದ ಹಸಿ ಉಂಗುರ ಉಳಿದಿತ್ತು.
ಅದೂ ಆರಿತು.

ಆ ರಾತ್ರಿ ನಾನ ಫೋನ್ ಹಚ್ಚಿದೆ.
ಅಂಕಿ ಹೇಳಲಿಲ್ಲ.
"ಮಡು ಉಸರ ಹಿಡದೈತಿ, ಖಾಡೆ" ಅಂದೆ.
ಬಾಳ ಹೊತ್ತು ಬರೇ ಕೆಮ್ಮು.
ಆಮ್ಯಾಲೆ ತನ್ನ ಅರೆಬರೆ ಕನ್ನಡದಾಗ,
"ಹಲಗಿ ಎಲ್ಲಾ ಹಳೇದು ಐತಿ.
ಹಳೇ ಹಲಗಿ ಸೋರತೈತಿ.
ಸೋರಲಿಕ್ಕೆ ಮಂತ್ರಿ ಸಹಿ ಲಾಗತ ನಾಹೀ."

ಮೂರನೇ ದಿನ ಬಂತು.
ಮೊದಲ ಕಣ್ಣಿಗಲ್ಲ, ಕಿವಿಗೆ,
ಕಲ್ಲಿನ ಸಂದ್ಯಾಗ ಯಾರೋ ಪಿಸಿಪಿಸಿ ಮಾತಾಡಿದಂಗ.
ಬಟ್ಟ ದಪ್ಪದ ನೀರು
ಒಂದು ಮಡುವಿನಿಂದ ಎದ್ದು
ಇನ್ನೊಂದರ ಮನಿ ಬಾಗಲ ತಟ್ಟಿತು.
ಏಡಿಗೋಳು ಹೊರಗ ಬಂದು ನಿಂತು ನೋಡಿದವು.
ಕಂಬದ ಮ್ಯಾಲೆ ಎರಡು ಗೆರಿ ನಡುವಿನ ಜಾಗಾದಾಗ
ಒಂದು ನೂಲಿನಷ್ಟು ಹಸಿ.
ವಹಿಯೊಳಗ ನಾನು ಹಿಂದಿನ ದಿನದ ಅಂಕೀನ ಬರದೆ.
ಹೊಳಿ ನನಗ ಸುಳ್ಳು ಹೇಳಿಲ್ಲ ಅಂದೆನಲ್ಲ,
ಅದರ ಸಲುವಾಗಿ ನಾ ಹೇಳಿದ್ದು ಅದೊಂದ.

ಮೇ ತಿಂಗಳು ಜೀಪು ಬಂದವು,
ಎರಡೂ ಕಡಿ ಇಂಜಿನಿಯರು, ಎರಡೂ ಕಡಿ ಛತ್ರಿ.
ಯಾವುದಕ್ಕೂ ಒಪ್ಪದವರು
ಒಂದಕ್ಕ ಒಪ್ಪಿದರು:
ಸೋರಿಕೆ ನಿಲ್ಲಬೇಕು.
ಹಲಗಿಗೆ ರಬ್ಬರ್ ಬಡದರು, ಫೋಟೋ ಹೊಡಕೊಂಡರು.

ಈಗೂ ಎಂಟೂ ಕಾಲಿಗೆ ಫೋನು.
ಅಂಕಿ ಆದ ಮ್ಯಾಲೆ ಖಾಡೆ ಇಡೂದಿಲ್ಲ.
"ಐಕ್" ಅಂತಾನ, ಕೇಳು,
ಫೋನು ಹಲಗಿ ಸಮೀಪ ಹಿಡೀತಾನ.
ರಬ್ಬರ್ ಅಂಚಿನಾಗ ಎಲ್ಲೋ
ತಟ್.
ಮತ್ತ ಬಾಳ ಹೊತ್ತಿಗೆ ಇನ್ನೊಂದು.
ಪೆನ್ಸಿಲ್ ತಗೊಂಡು ವಹಿಯ ಅಂಚಿಗೆ
ಒಂದು ಉದ್ದ ಗೆರಿ ಎಳದೇನಿ,
ಮ್ಯಾಲೆ ಹೆಸರು ಬರದಿಲ್ಲ.
ಅದರಾಗ ಒಂದೊಂದು ಹನಿಗೆ
ಒಂದೊಂದು ಚುಕ್ಕಿ.